ತಾಳಿ ಸರದ ಆರು ಪಿನ್ನುಗಳು

ನಮ್ಮ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ರತ್ನಪ್ರಭಾ ಹೊಲಿದ ರವಿಕೆ ತೊಟ್ಟವರನ್ನು ನಾನು ಹಿಂದಿನಿಂದಲೇ ಗುರುತಿಸಬಲ್ಲೆ. ತೋಳು ಹಿಡಿಯುವುದೂ ಇಲ್ಲ, ಜೋಲುವುದೂ ಇಲ್ಲ. ಅಳತೆ ತೆಗೆಯುವಾಗ ಮಾತ್ರ ಅವಳಿಗೆ ದಾಕ್ಷಿಣ್ಯವೆಂಬುದು ಗೊತ್ತಿಲ್ಲ. “ಸೊಂಟ ಎರಡಿಂಚು ಜಾಸ್ತಿಯಾಗಿದೆ ಶೈಲಕ್ಕ” ಎಂದು ನಾಲ್ಕು ಜನರೆದುರು ಹೇಳಿ, ಟೇಪಿನ ಅಂಕಿಯನ್ನು ನನಗೇ ತೋರಿಸುತ್ತಾಳೆ. ಸುಳ್ಳು ಹೇಳಲು ಬಾರದ ಹೆಂಗಸಿನ ಪಕ್ಕದ ಮನೆಯಲ್ಲಿ ಇಪ್ಪತ್ತು ವರ್ಷ ಇರುವುದು ಸುಲಭವಲ್ಲ. ನಾನು ಇದ್ದೆ. ಅದೂ ಕೇಂದ್ರ ಸಚಿವಾಲಯವೊಂದರಲ್ಲಿ ಗುಮಾಸ್ತೆಯಾಗಿ, ಫೈಲಿನಲ್ಲಿ ಯಾವುದನ್ನು ಬರೆಯದೆ ಬಿಡಬೇಕು ಎಂಬುದನ್ನು ಇಪ್ಪತ್ತೆಂಟು ವರ್ಷ ಅಭ್ಯಾಸ ಮಾಡಿದ ಶೈಲಜಾ ಎಂಬ ನಾನು.

ಅವಳ ಕರಿಮಣಿ ಸರದಲ್ಲಿ, ತಾಳಿಯ ಪಕ್ಕಕ್ಕೆ, ಆರು ಸೇಫ್ಟಿ ಪಿನ್ನುಗಳು ಸದಾ ತೂಗುತ್ತಿದ್ದವು. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಇದು ರೂಢಿ. ಸೆರಗಿಗೆ ಬೇಕು, ಹರಿದ ಚೀಲಕ್ಕೆ ಬೇಕು, ಬಸ್ಸಿನಲ್ಲಿ ಮೈಮೇಲೆ ಬೀಳುವ ಗಂಡಸರಿಗೂ ಬೇಕು. ಅವಳ ಅತ್ತೆ ಬದುಕಿರುವವರೆಗೂ “ತಾಳಿ ಜೊತೆ ಕಬ್ಬಿಣ ಕಟ್ಟಬೇಡ್ವೇ” ಎಂದು ಗೊಣಗುತ್ತಿದ್ದರಂತೆ. ಐದು ಸಣ್ಣ ಪಿನ್ನುಗಳು. ಆರನೆಯದು ದಪ್ಪನೆಯದು, ಹೆಬ್ಬೆರಳಿನಷ್ಟು ಉದ್ದ. ಮದುವೆಯಾಗಿ ಹಿರಿಯೂರಿನಿಂದ ದಿಲ್ಲಿಗೆ ಹೊರಟ ದಿನ, ಎರಡು ರಾತ್ರಿಯ ರೈಲಿನಲ್ಲಿ ಮಗಳ ಸೆರಗು ಜಾರಬಾರದೆಂದು ತಾಯಿ ಚುಚ್ಚಿ ಕಳಿಸಿದ ಪಿನ್ನು ಅದು.

ಗಂಡ ತಿಪ್ಪೇಸ್ವಾಮಿ ವಾಯುಪಡೆಯಲ್ಲಿ ವಿಮಾನಗಳ ಮೈ ರಿಪೇರಿ ಮಾಡುವ ಮೆಕ್ಯಾನಿಕ್ ಆಗಿದ್ದು, ಅಲ್ಲಿಂದ ಬಿಡುಗಡೆಯಾದ ಮೇಲೆ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಸೇರಿದವರು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಶನಿವಾರ, ಭಾನುವಾರ ಬಂತೆಂದರೆ ಮನುಷ್ಯ ಮನೆಯಲ್ಲಿ ಇರುತ್ತಿರಲಿಲ್ಲ. ಗುಡಗಾಂವ್ ದಾಟಿ ಸೋಹ್ನಾ ಕಡೆಗೆ ಹೋದರೆ ಸಾಸಿವೆ ಹೊಲಗಳ ನಡುವೆ ಒಂದು ಖಾಸಗಿ ರನ್‌ವೇ, ಅದರ ಪಕ್ಕ ತಗಡಿನ ಶೆಡ್ಡು. ಆ ಶೆಡ್ಡಿನಲ್ಲಿ ವಿಂಗ್ ಕಮಾಂಡರ್ ಗ್ರೇವಾಲ್ ಎಂಬ ನಿವೃತ್ತ ಸರ್ದಾರ್ಜಿ ಒಂದು ಹಳೆಯ ಟೈಗರ್ ಮಾತ್ ವಿಮಾನವನ್ನು ತಂದಿಟ್ಟುಕೊಂಡಿದ್ದರು. ಮೇಲೊಂದು ಕೆಳಗೊಂದು ರೆಕ್ಕೆ, ಮರದ ಚೌಕಟ್ಟು, ಅದರ ಮೇಲೆ ಬಟ್ಟೆ. ಅರವತ್ತು ವರ್ಷ ಹಳೆಯದು. ತಂದಾಗ ಬಟ್ಟೆಯೆಲ್ಲ ಇಲಿ ತಿಂದು, ಒಳಗಿನ ಮರದ ಪಕ್ಕೆಲುಬುಗಳು ಹೊರಬಂದಿದ್ದವು. ಗ್ರೇವಾಲ್ ಮೊದಲ ಸಲ ಒಂಟಿಯಾಗಿ ಹಾರಿದ್ದು ಇಂಥದೇ ವಿಮಾನದಲ್ಲಂತೆ. ಸಾಯುವುದರೊಳಗೆ ಇನ್ನೊಮ್ಮೆ ಹಾರಬೇಕೆಂಬುದು ಅವರ ಆಸೆ. ಅದಕ್ಕಾಗಿ ಅವರೂ ತಿಪ್ಪೇಸ್ವಾಮಿಯೂ ಆರು ವರ್ಷ ಮೈಮುರಿದು ದುಡಿದಿದ್ದರು.

ಮರದ ಕೆಲಸ ಮುಗಿಯಿತು, ಎಂಜಿನ್ ಗುರುಗುಟ್ಟಿತು. ಬಟ್ಟೆ ಹೊಲಿಯುವವರು ಮಾತ್ರ ಸಿಗಲಿಲ್ಲ. ತಗಡಿನ ವಿಮಾನಗಳನ್ನು ನೋಡಿಕೊಂಡು ಬೆಳೆದ ಮೆಕ್ಯಾನಿಕ್ಕುಗಳಿಗೆ ಸೂಜಿ ಹಿಡಿಯುವುದೇ ಅವಮಾನ. ತಿಪ್ಪೇಸ್ವಾಮಿಗೆ ಗೊತ್ತಿತ್ತು, ಆದರೆ ಅದು ಒಬ್ಬರ ಕೆಲಸವಲ್ಲ. ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿ ಆಚೆಗೊಬ್ಬರು ಈಚೆಗೊಬ್ಬರು ನಿಲ್ಲಬೇಕು. ಮೇಣ ಸವರಿದ ದಾರ ಪೋಣಿಸಿದ ಮೊಳದುದ್ದದ ದಬ್ಬಣವನ್ನು ಈ ಕಡೆಯವರು ತೂರಿಸಿದರೆ ಆ ಕಡೆಯವರು ಎಳೆದು, ಪಕ್ಕೆಲುಬಿನ ಇನ್ನೊಂದು ಬದಿಯಿಂದ ಹಿಂದಕ್ಕೆ ಕಳಿಸಬೇಕು. ಮೂರಿಂಚಿಗೊಂದು ಗಂಟು. ಒಂದು ಗಂಟು ಸಡಿಲವಾದರೂ ಗಾಳಿ ಬಟ್ಟೆಯನ್ನು ಕಿತ್ತು ಹಾಕುತ್ತದೆ.

ತಿಪ್ಪೇಸ್ವಾಮಿ ಹೆಂಡತಿಯ ಹೆಸರೆತ್ತಿದಾಗ “ಬ್ಲೌಸ್ ವಾಲಿ?” ಎಂದು ಗ್ರೇವಾಲ್ ಮೊದಲು ನಕ್ಕರಂತೆ. ತಿಪ್ಪೇಸ್ವಾಮಿ, ಹೆಂಡತಿ ಹೊಲಿದ ಒಂದು ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿ, ಕೆಳಗೆ ತೂಕ ಕಟ್ಟುತ್ತಾ ಹೋದರು. ಕೊನೆಗೆ ಬಟ್ಟೆ ಹರಿಯಿತು, ಹೊಲಿಗೆ ಬಿಡಲಿಲ್ಲ. ಅಂದಿನಿಂದ ಸರ್ದಾರ್ಜಿಗೆ ಅವಳು ಭಾಭೀಜಿ.

ಹೀಗೆ ೨೦೦೩ರ ಅಕ್ಟೋಬರ್, ನವೆಂಬರ್ ಪೂರ್ತಿ ಗಂಡ ಹೆಂಡತಿ ರೆಕ್ಕೆಯ ಎರಡು ಬದಿಗೆ ನಿಂತು ಹೊಲಿದರು. ಬಟ್ಟೆ ನಡುವೆ ಇದ್ದದ್ದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. “ಅವರು ನನ್ ಜೊತೆ ಇಷ್ಟು ಮಾತಾಡಿದ್ದು ಮದುವೆಯಾದ ಮೇಲೆ ಇದೇ ಮೊದಲು ಶೈಲಕ್ಕ, ಮುಖ ಕಾಣ್ದಿದ್ರೆ ಗಂಡಸರಿಗೆ ಮಾತು ಬರುತ್ತೆ” ಎಂದು ಅವಳು ನಗುತ್ತಿದ್ದಳು.

ಆ ಶೆಡ್ಡಿನ ಗೋಡೆಯಲ್ಲಿ ಹಳದಿ ಬಣ್ಣದ ಒಂದು ಪ್ಲೈವುಡ್ ಹಲಗೆ ಇತ್ತು. ಪ್ರತಿಯೊಂದು ಸ್ಪ್ಯಾನರು, ಸ್ಕ್ರೂಡ್ರೈವರು, ಕತ್ತರಿಯ ಆಕಾರವನ್ನೂ ತಿಪ್ಪೇಸ್ವಾಮಿ ಅದರ ಮೇಲೆ ಕಪ್ಪು ಗೆರೆಯಲ್ಲಿ ಬರೆದಿದ್ದರು. ಸಾಮಾನು ಅದರದರ ಗೆರೆಯೊಳಗೆ ಬಂದು ಕೂರದ ಹೊರತು ಯಾರೂ ಮನೆಗೆ ಹೋಗುವಂತಿಲ್ಲ. ರೆಕ್ಕೆ ಮುಚ್ಚುವ ಮೊದಲು ಎಣಿಕೆ, ಮುಚ್ಚಿದ ಮೇಲೆ ಎಣಿಕೆ, ಆಮೇಲೆ ರಿಜಿಸ್ಟರಿನಲ್ಲಿ ಸಹಿ. “ಸೂಜಿ ಒಂಬತ್ತೂ ಬಂತಾ?” ಎಂದು ಅವರು ಕೂಗುವುದು, “ಬಂತು” ಎಂದು ಅವಳು ಹೇಳುವುದು. ಒಂದು ಸಂಜೆ ಎಂಟೇ ಸಿಕ್ಕಿದ್ದವು. ಒಂಬತ್ತನೆಯದು ನೆಲದ ಬಿರುಕಿನಲ್ಲಿ ಸಿಗುವವರೆಗೆ ಗ್ರೇವಾಲ್ ಸಾಹೇಬರೂ ಮಂಡಿಯೂರಿ ಹುಡುಕಬೇಕಾಯಿತು. “ಮೇಲೆ ಹೋದಮೇಲೆ ಗಾಡಿ ಸೈಡಿಗೆ ಹಾಕಿ ನೋಡಕ್ಕಾಗಲ್ಲ” ಎಂದಷ್ಟೇ ತಿಪ್ಪೇಸ್ವಾಮಿ ಹೇಳಿದ್ದು.

ಬಟ್ಟೆಯ ಮೇಲೆ ಡೋಪು ಎಂಬ ವಾರ್ನಿಶಿನಂಥದನ್ನು ಐದಾರು ಸಲ ಬಳಿದರು. ಬಟ್ಟೆ ಬಿಗಿದು ತಮಟೆಯ ಹಾಗಾಯಿತು. ಡಿಸೆಂಬರಿನ ಮಂಜು ಬೀಳುವ ಮೊದಲೇ ಮುಗಿಸಿದ್ದರು, ತೇವದಲ್ಲಿ ಬಳಿದರೆ ಅದು ಬೆಳ್ಳಗೆ ಬೂಷ್ಟು ಹಿಡಿದಂತಾಗುತ್ತದಂತೆ. ಚಳಿಗಾಲ ಕಳೆಯಿತು, ಪರೀಕ್ಷೆಗೆ ಬಂದ ಅಧಿಕಾರಿ ಎಲ್ಲ ನೋಡಿ ಒಪ್ಪಿಗೆ ಕೊಟ್ಟ. ಹಾರುವ ದಿನವನ್ನು ಗ್ರೇವಾಲರೇ ಆರಿಸಿದರು. ಫೆಬ್ರವರಿ ಇಪ್ಪತ್ತೊಂಬತ್ತು, ಭಾನುವಾರ. ಅವರು ಹುಟ್ಟಿದ ತಾರೀಖು ಅದು. ನಾಲ್ಕು ವರ್ಷಕ್ಕೊಮ್ಮೆ ಬರುವುದರಿಂದ ಎಪ್ಪತ್ತೆರಡು ವರ್ಷದ ಮುದುಕ “ನನಗೀಗ ಹದಿನೆಂಟು ತುಂಬುತ್ತೆ, ಲೈಸೆನ್ಸ್ ಸಿಗೋ ವಯಸ್ಸು” ಎಂದು ಎಲ್ಲರಿಗೂ ಲಡ್ಡು ಹಂಚಿದ್ದರು.

ಶುಕ್ರವಾರ ಸಂಜೆ ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ರತ್ನಪ್ರಭಾ ಒಳಗೆ ಬಂದು ಬಾಗಿಲು ಹಾಕಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಶೈಲಕ್ಕ, ನನ್ ದಪ್ಪ ಪಿನ್ನು ಇಲ್ಲ.”

“ಒಂದ್ ಪಿನ್ನಿಗೆ ಹೀಗಾ? ಮಾರ್ಕೆಟ್ಟಿನಲ್ಲಿ ಭಯ್ಯಾ ಡಜನ್ ಲೆಕ್ಕದಲ್ಲಿ ಕೊಡ್ತಾನೆ ತಗೊ” ಎಂದೆ.

ಅವಳು ಕುರ್ಚಿಯ ಮೇಲೆ ಕುಸಿದು ಕೂತಳು. ಭಾನುವಾರದ ಪೂಜೆಗೆ ರೇಷ್ಮೆ ಸೀರೆ ತೆಗೆದು, ಅದರ ಸೆರಗಿಗೆಂದು ದಪ್ಪ ಪಿನ್ನನ್ನು ಹುಡುಕಿದರೆ ಸರದಲ್ಲಿ ಐದೇ ಇದ್ದವು. ಚಳಿಗಾಲವಿಡೀ ಸ್ವೆಟರಿನೊಳಗೆ ಇದ್ದ ಸರವನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ. ಕೊನೆಯ ಸಲ ಅದನ್ನು ಯಾವಾಗ ಬಳಸಿದ್ದು ಎಂದು ಯೋಚಿಸಿದ್ದಳು. ನವೆಂಬರಿನಲ್ಲಿ, ಎಡಗಡೆಯ ಕೆಳರೆಕ್ಕೆಯ ಬುಡದಲ್ಲಿ. ಬಟ್ಟೆಯ ಮಡಿಕೆ ಜಾರುತ್ತಿತ್ತು. ರವಿಕೆಯ ಅಂಚು ಜಾರಿದರೆ ಮಾಡುವಂತೆ, ಕೈ ತಾನಾಗಿಯೇ ಸರಕ್ಕೆ ಹೋಗಿ ಪಿನ್ನು ಬಿಚ್ಚಿ ಒಳಮಡಿಕೆಗೆ ಚುಚ್ಚಿತ್ತು. ಅಷ್ಟರಲ್ಲಿ ಚಹಾ ಬಂತು. ಚಹಾ ಕುಡಿದು ಬಂದು ಹೊಲಿದು ಮುಗಿಸಿದಳು. ಪಿನ್ನು ತೆಗೆದದ್ದು ಮಾತ್ರ ನೆನಪಿಲ್ಲ.

“ಅವರು ಸೂಜಿ ಕೇಳಿದ್ರು, ಬಂತು ಅಂದೆ. ಪಿನ್ನು ಯಾರೂ ಕೇಳಲಿಲ್ಲ.”

ಯಾರು ಕೇಳುತ್ತಾರೆ? ಹಲಗೆಯ ಮೇಲಿನ ಪ್ರತಿ ಸ್ಪ್ಯಾನರನ್ನು ಎಣಿಸುವ ಗಂಡಸಿಗೆ ಹೆಂಡತಿಯ ತಾಳಿ ಸರದಲ್ಲಿ ಎಷ್ಟು ಪಿನ್ನಿವೆ ಎಂದು ಎಣಿಸಲು ತೋಚುವುದಿಲ್ಲ. ಅದು ಸಾಮಾನಲ್ಲ, ಹೆಂಡತಿ.

“ಅಲ್ಲೇ ಒಂದು ರಾಟೆ ಇದೆ” ಎಂದಳು. ಬಾವಿಯ ರಾಟೆಯಂಥದೇ, ಬಳೆಯಷ್ಟು ಅಗಲದ್ದು. ಅದರ ಮೇಲೆ ಹಾದುಹೋಗುವ ತಂತಿಯನ್ನು ಪೈಲಟ್ಟು ಎಳೆದರೆ ರೆಕ್ಕೆಯ ತುದಿಯಲ್ಲಿ ರೆಪ್ಪೆಯಂತಿರುವ ಪಟ್ಟಿ ಮೇಲೆ ಕೆಳಗೆ ಆಡುತ್ತದೆ, ವಿಮಾನ ವಾಲುವುದೂ ನೆಟ್ಟಗಾಗುವುದೂ ಅದರಿಂದಲೇ. ಪಿನ್ನು ಬಿದ್ದು ತಂತಿಗೂ ರಾಟೆಗೂ ನಡುವೆ ಸಿಕ್ಕಿಕೊಂಡರೆ ವಾಲಿದ ವಿಮಾನ ವಾಲಿದ ಹಾಗೆಯೇ ಉಳಿಯುತ್ತದೆ.

ಶನಿವಾರ ತಿಪ್ಪೇಸ್ವಾಮಿ ಶೆಡ್ಡಿಗೆ ಹೋದ ಮೇಲೆ ನಾವಿಬ್ಬರೂ ಅವಳ ಮನೆಯನ್ನು ಬುಡಮೇಲು ಮಾಡಿದೆವು. ಹೊಲಿಗೆ ಮಿಷನ್ನಿನ ಡ್ರಾಯರು, ಗುಂಡಿಗಳ ಡಬ್ಬಿ, ದಿವಾನಿನ ಹಾಸಿಗೆಯ ಸಂದಿ, ನಾಲ್ಕು ಸ್ವೆಟರು, ಹಳೇ ಪರ್ಸು. ಹನ್ನೊಂದನೇ ಕ್ಲಾಸಿನ ಮಗಳು ಸ್ಫೂರ್ತಿ ಪುಸ್ತಕದಿಂದ ತಲೆಯೆತ್ತಿ, “ಮಮ್ಮಿ, ಏಕ್ ಪಿನ್ ಕೇ ಲಿಯೇ ಇತ್ನಾ ಡ್ರಾಮಾ? ನಾಳೆ ಗ್ರೇವಾಲ್ ಅಂಕಲ್ ನನ್ನೂ ರೌಂಡ್ ಕರ್ಕೊಂಡ್ ಹೋಗ್ತೀನಿ ಅಂದಿದಾರೆ, ಸೆಕೆಂಡ್ ಟರ್ನ್ ನಂದೇ” ಎಂದಳು. ರತ್ನಪ್ರಭಾಳ ಕೈಯಲ್ಲಿದ್ದ ಗುಂಡಿ ಡಬ್ಬಿ ಜಾರಿ ನೆಲವಿಡೀ ಗುಂಡಿಗಳಾದವು. ನಾನು ಆರಿಸಿದೆ. ಅವಳಿಗೆ ಬಗ್ಗಲೂ ಆಗಲಿಲ್ಲ.

ಈಗ ನಾನು ಹೇಳಿದ್ದನ್ನು ಬರೆಯಬೇಕು. ಬರೆಯದೆ ಬಿಡುವುದರಲ್ಲಿ ನಾನು ನಿಪುಣೆ, ಆದರೆ ಇದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಅರ್ಥವಿಲ್ಲ. ಅಡಿಗೆಮನೆಗೆ ಅವಳನ್ನು ಕರೆದುಕೊಂಡು ಹೋಗಿ ಹೇಳಿದೆ: “ಸುಮ್ನಿರು. ಯಾರಿಗೂ ಹೇಳ್ಬೇಡ. ಪಿನ್ನು ಬಸ್ಸಲ್ಲಿ ಬಿದ್ದಿರುತ್ತೆ. ಅಲ್ಲೇ ಇದ್ರೂ ಚುಚ್ಚಿರೋ ಪಿನ್ನು ಯಾಕೆ ಬೀಳುತ್ತೆ? ಅಧಿಕಾರಿ ಪಾಸ್ ಮಾಡಿದಾನೆ. ನಿನ್ ಗಂಡ ರಿಜಿಸ್ಟರಲ್ಲಿ ಸಹಿ ಹಾಕಿದಾರೆ. ಈಗ ರೆಕ್ಕೆ ಕುಯ್ದರೆ ಆ ಮುದುಕನ ಹುಟ್ಟುಹಬ್ಬ ಹೋಯ್ತು, ಇವರ ಮಾನ ಹೋಯ್ತು. ಸ್ಫೂರ್ತೀನ ಮಾತ್ರ ಹತ್ತಿಸ್ಬೇಡ, ಹೊಟ್ಟೆನೋವು ಅಂತ ಏನಾದ್ರೂ ಹೇಳು.”

ಅವಳು ನನ್ನನ್ನೇ ನೋಡಿದಳು. “ಅಂದ್ರೆ ಬೀಳಬಹುದು ಅಂತ ನಿಮಗೂ ಅನ್ಸುತ್ತೆ” ಎಂದಳು.

ಬೇರೆಯವರ ಮಗಳನ್ನು ಉಳಿಸಿ ಬೇರೆಯವರ ಮುದುಕನನ್ನು ಕಳಿಸುವ ಲೆಕ್ಕ ನನಗೆ ಅಷ್ಟು ಸುಲಭವಾಗಿ ಹೊಳೆದಿತ್ತು. ಆದರೂ “ನನ್ ಮಾತು ಕೇಳು” ಎಂದೇ ಹೇಳಿ ಹೊರಗೆ ಬಂದೆ.

ಆ ಸಂಜೆ ತಿಪ್ಪೇಸ್ವಾಮಿ ನಗುತ್ತಾ ಬಂದರು. ಆ ಮನುಷ್ಯ ನಕ್ಕಿದ್ದನ್ನು ನೋಡಿದವರೇ ಕಡಿಮೆ. ಕೈಯಲ್ಲಿ ಮಲ್ಲಿಗೆ ಹೂವು, ಕರೋಲ್ ಬಾಗಿನಿಂದ ತಂದದ್ದು. “ನಾಳೆ ಪೂಜೆ ನೀನೇ ಮಾಡ್ಬೇಕಂತೆ, ಸಾಬ್ ಹೇಳಿದಾರೆ” ಎಂದು ಹೆಂಡತಿಗೆ ಕೊಟ್ಟರು. ಅವಳು ಹೂವು ತೆಗೆದುಕೊಂಡಳು. ಹೇಳುತ್ತಾಳೇನೋ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ. ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವಾಯಿತು.

ಭಾನುವಾರ ಬೆಳಿಗ್ಗೆ ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಡಬ್ಬಿ ತುಂಬ ಉಪ್ಪಿಟ್ಟು, ಕೇಸರಿಬಾತು. ಸ್ಫೂರ್ತಿ ಮುಂದೆ ಕೂತು ಡ್ರೈವರನ ರೇಡಿಯೋಗೆ ತಾನೂ ಹಾಡುತ್ತಿದ್ದಳು. ರತ್ನಪ್ರಭಾ ದಾರಿಯುದ್ದಕ್ಕೂ ಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಎಷ್ಟು ಸಲ ಎಣಿಸಿದಳೋ, ತುಟಿ ಮಾತ್ರ ಆಡುತ್ತಿತ್ತು. ಐದಕ್ಕಿಂತ ಹೆಚ್ಚಾಗಲಿಲ್ಲ.

ವಿಮಾನವನ್ನು ಶೆಡ್ಡಿನಿಂದ ಹೊರಗೆ ತಂದು ನಿಲ್ಲಿಸಿದ್ದರು. ಹಳದಿ ಬಣ್ಣ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಗ್ರೇವಾಲ್ ಹಳೆಯ ಚರ್ಮದ ಜಾಕೀಟು ಹಾಕಿ, ಪೇಟದ ಮೇಲೆ ಕನ್ನಡಕ ಏರಿಸಿ, ನಿಜಕ್ಕೂ ಹದಿನೆಂಟರ ಹುಡುಗನಂತೆ ಅತ್ತಿಂದಿತ್ತ ಓಡಾಡುತ್ತಿದ್ದರು. ರತ್ನಪ್ರಭಾ ಎಂಜಿನ್ನಿಗೆ ಅರಿಶಿನ ಕುಂಕುಮ ಇಟ್ಟಳು, ಹೂ ಮುಡಿಸಿದಳು. ತೆಂಗಿನಕಾಯಿ ಒಡೆಯಲು ಮೂರು ಸಲ ಹೊಡೆಯಬೇಕಾಯಿತು. “ಭಾಭೀಜಿ ನರ್ವಸ್ ಹೈ” ಎಂದು ಗ್ರೇವಾಲ್ ನಕ್ಕು, ಅವಳ ಪಾದ ಮುಟ್ಟಿದರು. ಅವಳಿಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಆಮೇಲೆ ಹತ್ತಿ ಕೂತು ಬೆಲ್ಟು ಬಿಗಿದು, ನಡುವಿನ ಕೋಲನ್ನು ಎಡಕ್ಕೆ ಬಲಕ್ಕೆ ಆಡಿಸಿದರು. ರೆಕ್ಕೆಯ ರೆಪ್ಪೆಗಳು ಮೇಲೆ ಕೆಳಗೆ ಸರಾಗ ಆಡಿದವು.

ನಾನು ಅವಳ ಕೈ ಹಿಸುಕಿದೆ. “ನೋಡು, ಎಷ್ಟು ಚೆನ್ನಾಗಿ ಆಡ್ತಿದೆ. ಹೇಳಲಿಲ್ವಾ ನಾನು?”

ತಿಪ್ಪೇಸ್ವಾಮಿ ಮುಂದೆ ಹೋಗಿ ಮೂತಿಯ ಪಂಖಕ್ಕೆ ಎರಡೂ ಕೈ ಹಾಕಿದರು. ಅದನ್ನು ಕೈಯಲ್ಲೇ ತಿರುಗಿಸಿ ಎಂಜಿನ್ ಶುರು ಮಾಡಬೇಕು. ಅಷ್ಟರಲ್ಲಿ ನನ್ನ ಕೈಯಿಂದ ಅವಳ ಕೈ ಬಿಡಿಸಿಕೊಂಡು ಹೋಯಿತು.

“ರೀ, ತಿರುಗಿಸ್ಬೇಡಿ” ಎಂದಳು. “ಒಂದು ಪಿನ್ನು ಲೆಕ್ಕಕ್ಕೆ ಸಿಕ್ಕಿಲ್ಲ.”

“ಯಾವ ಪಿನ್ನು?”

ಅವಳು ಅಷ್ಟೂ ಜನರೆದುರು, ಗಂಡಸರೆದುರು, ರವಿಕೆಯೊಳಗಿಂದ ಕರಿಮಣಿ ಸರ ಎಳೆದು ಎತ್ತಿ ಹಿಡಿದಳು. “ಆರಿತ್ತು. ಐದಿದೆ. ಎಡಗಡೆ ಕೆಳರೆಕ್ಕೆ ಬುಡದಲ್ಲಿ ಚುಚ್ಚಿದ್ದೆ. ತೆಗೆದಿದ್ದು ನೆನಪಿಲ್ಲ. ಶುಕ್ರವಾರವೇ ಗೊತ್ತಾಯ್ತು. ಹೇಳಕ್ಕೆ ಧೈರ್ಯ ಬರಲಿಲ್ಲ.” ಯಾರು ಹೇಳಬೇಡ ಎಂದರು ಎಂಬುದನ್ನು ಅವಳು ಹೇಳಲಿಲ್ಲ. ಅವಳಿಗೆ ಮುಚ್ಚಿಡಲು ಬಂದದ್ದು ಅದೊಂದೇ.

ತಿಪ್ಪೇಸ್ವಾಮಿಯ ಮುಖ ಕಪ್ಪಿಟ್ಟಿತು. ಹೊಡೆದೇ ಬಿಡುತ್ತಾರೆ ಎಂದುಕೊಂಡೆ. ಅವರು ಪಂಖದಿಂದ ಕೈ ತೆಗೆದು, ಗ್ರೇವಾಲರಿಗೆ “ಸಾಬ್, ಆಜ್ ನಹೀ ಉಡೇಗಾ”, ಇವತ್ತು ಹಾರುವುದಿಲ್ಲ, ಎಂದರು. ಮುದುಕ ಕೂತಲ್ಲಿಂದಲೇ ಕಿರುಚಿದರು. “ಏಕ್ ಸೇಫ್ಟಿ ಪಿನ್? ಮೇರಾ ದಿನ್ ಹೈ, ತಿಪ್ಪಾ! ಕಂಟ್ರೋಲ್ಸ್ ಫ್ರೀ ಹೈ, ದೇಖೋ!” ಎಂದು ಕೋಲನ್ನು ಮತ್ತೆ ಮತ್ತೆ ಆಡಿಸಿ ತೋರಿಸಿದರು. ಕಣ್ಣಲ್ಲಿ ನೀರು ಬಂದಿತ್ತು. ನನಗೂ ಅವರ ಪರವೇ ಮನಸ್ಸು ವಾಲಿತು.

ತಿಪ್ಪೇಸ್ವಾಮಿ ಶೆಡ್ಡಿನೊಳಗೆ ಹೋಗಿ ಹಲಗೆಯಿಂದ ಕತ್ತರಿ ತಂದು ಹೆಂಡತಿಗೆ ಕೊಟ್ಟರು. “ನೀನು ಹೊಲಿದಿದ್ದು. ನೀನೇ ಬಿಚ್ಚು.”

ಅವಳು ರೇಷ್ಮೆ ಸೀರೆಯಲ್ಲೇ ರೆಕ್ಕೆಯ ಕೆಳಗೆ ಅಂಗಾತ ಮಲಗಿದಳು. ಕತ್ತರಿ ಬಟ್ಟೆಯನ್ನು ಕಚ್ಚಿದಾಗ ತಮಟೆ ಹರಿದಂಥ ಸದ್ದು ಬಂತು. ಎರಡು ಗೇಣು ಬಿಚ್ಚಿದ ಮೇಲೆ ತಿಪ್ಪೇಸ್ವಾಮಿ ಟಾರ್ಚು ಬಿಟ್ಟು ನೋಡಿದರು.

“ಇದೆ” ಎಂದರು.

ಎಲ್ಲರೂ ಬಗ್ಗಿ ನೋಡಿದೆವು. ಒಳಮಡಿಕೆಯಲ್ಲಿ, ಅವಳು ಚುಚ್ಚಿದ ಜಾಗದಲ್ಲೇ, ಚುಚ್ಚಿದ ಹಾಗೆಯೇ ಇತ್ತು. ಕೊಂಡಿ ಹಾಕಿತ್ತು. ನನಗೆ ಜೀವ ಬಂದಂತಾಗಿ, “ನೋಡಿದ್ರಾ? ಭದ್ರವಾಗಿದೆ. ಏನೂ ಆಗ್ತಿರಲಿಲ್ಲ” ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ.

ತಿಪ್ಪೇಸ್ವಾಮಿ ತೆಗೆಯಲೆಂದು ಒಂದು ಬೆರಳು ತಾಗಿಸಿದರು. ಮೂರು ತಿಂಗಳ ಡೋಪಿನ ಘಾಟು, ಮಂಜಿನ ತೇವ ತಿಂದು ತುಕ್ಕು ಹಿಡಿದಿದ್ದ ಕೊಂಡಿ ಪಟಕ್ಕನೆ ಬಿಟ್ಟುಕೊಂಡಿತು. ಪಿನ್ನು ಜಾರಿತು. ಒಳಗೆಲ್ಲೋ ಟಿಕ್ ಎಂದಿತು.

ಮೇಲೆ ಕೂತಿದ್ದ ಗ್ರೇವಾಲ್ ಸಿಟ್ಟಿನಲ್ಲಿ ಇನ್ನೂ ಕೋಲು ಆಡಿಸುತ್ತಲೇ ಇದ್ದರು. ಎಡಕ್ಕೆ ಹೋಯಿತು. ವಾಪಸು ಬರಲಿಲ್ಲ. ಅವರು ಎಳೆದರು. ಎರಡೂ ಕೈಯಲ್ಲಿ ಎಳೆದರು. ರೆಪ್ಪೆ ಎತ್ತಿದಲ್ಲೇ ನಿಂತಿತ್ತು.

ಗ್ರೇವಾಲ್ ನಿಧಾನಕ್ಕೆ ಕೋಲಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಸ್ಫೂರ್ತಿ ಬಂದು ತಾಯಿಯ ಪಕ್ಕ ಮಣ್ಣಿನಲ್ಲಿ ಕೂತಳು. ನಾನು ವ್ಯಾನಿನ ಹಿಂದೆ ಹೋಗಿ ಅತ್ತೆ.

ರತ್ನಪ್ರಭಾ ಮಾರನೆಯ ವಾರ ರೆಕ್ಕೆಯನ್ನು ಮತ್ತೆ ಹೊಲಿದಳು. ಅಧಿಕಾರಿ ಮತ್ತೆ ಬಂದು ನೋಡಿದ. ತಿಪ್ಪೇಸ್ವಾಮಿ ರಿಜಿಸ್ಟರಿನಲ್ಲಿ ಹಳೆಯ ಸಹಿಯ ಪಕ್ಕ ‘ನನ್ನ ಎಣಿಕೆ ತಪ್ಪಿತ್ತು’ ಎಂದು ಬರೆದರು, ಹೆಂಡತಿಯ ಹೆಸರು ಬರೆಯಲಿಲ್ಲ. ಹಳದಿ ಹಲಗೆಯ ಮೇಲೆ ಕತ್ತರಿಯ ಪಕ್ಕ ಆರು ಪಿನ್ನುಗಳ ಗೆರೆ ಬಂತು. ಕೆಲಸಕ್ಕೆ ಬಂದಾಗ ಅವಳು ಐದನ್ನು ಬಿಚ್ಚಿ ಅಲ್ಲಿ ಸಿಕ್ಕಿಸಿ, ಹೋಗುವಾಗ ಎಣಿಸಿ ತೆಗೆದುಕೊಳ್ಳಬೇಕು. ಆರನೆಯದು ತುಕ್ಕು ಹಿಡಿದದ್ದು, ಅಲ್ಲೇ ಇದೆ.

ವಿಮಾನ ಹಾರಿದ್ದು ಏಪ್ರಿಲ್ ಮೊದಲ ಭಾನುವಾರ, ಬಿಸಿಗಾಳಿ ಶುರುವಾಗುವ ಮೊದಲು. ಗ್ರೇವಾಲರಿಗೆ ಆಗ ಹುಟ್ಟುಹಬ್ಬವೂ ಇರಲಿಲ್ಲ, ಲಡ್ಡುವೂ ಇರಲಿಲ್ಲ. ಕೂತು ಬೆಲ್ಟು ಬಿಗಿದು, ಎಂಜಿನ್ ಶುರು ಮಾಡಿ ಎನ್ನುವ ಬದಲು ಅವರು ನಮ್ಮ ಕಡೆ ತಿರುಗಿ ಕೂಗಿ ಎಣಿಕೆ ಕೇಳಿದರು: “ಭಾಭೀಜಿ, ಗಿನತೀ!”

ರತ್ನಪ್ರಭಾ ಸರ ಹೊರಗೆಳೆದು, ತಲೆಯ ಮೇಲಕ್ಕೆ ಎತ್ತಿ, ಐದು ಬೆರಳು ತೋರಿಸಿದಳು. ಗ್ರೇವಾಲ್ ಹೆಬ್ಬೆಟ್ಟು ಎತ್ತಿದರು. ಆಮೇಲೆಯೇ ತಿಪ್ಪೇಸ್ವಾಮಿ ಪಂಖ ತಿರುಗಿಸಿದ್ದು. ಹಳದಿ ವಿಮಾನ ಕುಪ್ಪಳಿಸುತ್ತಾ ಓಡಿ ಸಾಸಿವೆ ಕೊಯ್ದ ಹೊಲಗಳ ಮೇಲೆ ಎದ್ದಿತು. ಎಡಕ್ಕೆ ವಾಲಿತು. ನೆಟ್ಟಗಾಯಿತು.

ಮೂರು ವರ್ಷ, ಅವರ ಕಣ್ಣು ಸೋಲುವವರೆಗೆ, ಆ ಎಣಿಕೆಯಿಲ್ಲದೆ ಗ್ರೇವಾಲ್ ಒಂದು ದಿನವೂ ನೆಲ ಬಿಡಲಿಲ್ಲ. ನಾನೂ ಎಷ್ಟೋ ಸಲ ಉಪ್ಪಿಟ್ಟಿನ ಡಬ್ಬಿ ಹಿಡಿದು ಅಲ್ಲಿ ನಿಂತಿದ್ದೇನೆ. ಅವಳು ಸರ ಎತ್ತಿದಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಾನು ನನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದೆ.